ಗೋತೀರ್ಥಪುರದ ಪಾನಕದಂಗಡಿ

“ಎಲೈ ಪಾನಕ ಮಾರುವವನೇ, ನಿನ್ನ ನಾಲಗೆಗೆ ಕಡಿವಾಣವೆಂಬುದು ಉಂಟೋ ಇಲ್ಲವೋ?” ಎಂದು ಶಂಭು ಮಾಸ್ಟ್ರು ಕೂತಲ್ಲಿಂದ ಅರ್ಧ ಎದ್ದು ನನ್ನ ಮೂಗಿನ ನೇರಕ್ಕೆ ಬೆರಳು ಚಾಚಿದರು.

“ಉಂಟು. ಹಗ್ಗ ನಿಮ್ಮ ಕೈಯಲ್ಲಿಲ್ಲ, ಅಷ್ಟೆ,” ಎಂದೆ.

ಸಭೆ ನಕ್ಕಿತು. ನಗಬಾರದ ಮದ್ದಳೆಯವನೂ ನಕ್ಕ. ಭಾಗವತರು ಮಾತ್ರ ನಗಲಿಲ್ಲ. ಅವರು ಜಾಗಟೆಯನ್ನು ತೊಡೆಯ ಮೇಲಿಟ್ಟುಕೊಂಡು ಶಾಲೆಯ ಪಡುವಣ ಕಿಟಕಿಯನ್ನೇ ನೋಡುತ್ತಿದ್ದರು. ಒಳಗೆ ಬಿದ್ದ ಬಿಸಿಲು ನೆಲ ಬಿಟ್ಟು ಎದುರಿನ ಗೋಡೆ ಏರತೊಡಗಿತ್ತು.

ಮೊನ್ನೆ ಲಾಟೀನಿನ ಗಾಜು ಒರೆಸಲಿಕ್ಕೆ ಬಟ್ಟೆ ಹುಡುಕುವಾಗ ಕೈಗೆ ಸಿಕ್ಕಿದ್ದು ಆ ತಾಳಮದ್ದಳೆಯ ದಿನ ನನ್ನ ಹೆಗಲಿಗೆ ಹಾಕಿದ್ದ ಶಾಲು. ಅಂಚಿನ ಜರಿ ಕಪ್ಪಾಗಿದೆ. ಗಾಜು ಒರೆಸಿದರೆ ಗೀರು ಬೀಳುತ್ತದೆ. ಅದಕ್ಕೂ ಲಾಯಕ್ಕಿಲ್ಲದ ಶಾಲು. ನೋಡಿದ್ದೇ ಪುನಃ ಸಿಟ್ಟು ಬಂತು. ಸಿಟ್ಟು ಬಂದರೆ ನಾನು ಒಳಗೆ ಇಟ್ಟುಕೊಳ್ಳುವವನಲ್ಲ. ಕೇಳಿ.

ತಾಳಮದ್ದಳೆ ನೀವು ನೋಡಿರಬಹುದು. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಒಂದು ಪದ್ಯ ಹಾಡುತ್ತಾರೆ. ಎದುರುಬದುರು ಕೂತವರು ಅದಕ್ಕೆ ಅರ್ಥ ಹೇಳುತ್ತಾರೆ. ಅರ್ಥ ಹೇಳುವುದೆಂದರೆ ಜಗಳ ಮಾಡುವುದು, ಮತ್ತೇನಲ್ಲ. ಯಾರು ಸೋಲಬೇಕೆಂದು ಪ್ರಸಂಗದಲ್ಲಿ ಮೊದಲೇ ಬರೆದಿರುತ್ತದೆ. ಸೋಲುವವನು ಎಷ್ಟು ಬೇಕಾದರೂ ವಾದಿಸಬಹುದು, ಕೊನೆಗೆ ಸೋಲಲೇಬೇಕು. ಹಾಗಾದರೆ ವಾದ ಯಾಕೆ ಎಂದು ಕೇಳಬೇಡಿ. ನಾನೂ ಕೇಳಿದ್ದೇನೆ, ಯಾರೂ ಸರಿಯಾಗಿ ಹೇಳಿಲ್ಲ.

ನಾನು ಅರ್ಥ ಹೇಳುವವನಲ್ಲ. ಚಹಾ ಮಾಡುವವನು. ಓದಿದ್ದು ನಾಲ್ಕನೇ ಕ್ಲಾಸು. ನೇತ್ರಾವತಿ ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಎಂದು ಬಂಟ್ವಾಳದ ಶಾಲೆಯಲ್ಲಿ ಕೇಳಿದ್ದಕ್ಕೆ, ದೋಣಿ ನಿಲ್ಲುವ ನಮ್ಮ ದಕ್ಕೆಯಿಂದ ಮಂಗಳೂರಿನ ದಕ್ಕೆಗೆ ಎಂದು ಹೇಳಿದ್ದೆ. ಪೆಟ್ಟು ಬಿತ್ತು. ಇದರಲ್ಲಿ ತಪ್ಪೇನು? ನಾನು ನೋಡಿದ ಎಲ್ಲ ದೋಣಿಗಳೂ ಹಾಗೆಯೇ ಹೋಗುತ್ತಿದ್ದವು. ಮರುದಿನದಿಂದ ಶಾಲೆಗೆ ಹೋಗಲಿಲ್ಲ. ಅಪ್ಪ ಹೊಡೆಯಲೂ ಇಲ್ಲ, ಕರೆಯಲೂ ಇಲ್ಲ. ಲೋಟ ತೊಳೆಯಲು ಒಂದು ಕೈ ಬೇಕಿತ್ತು ಅವರಿಗೆ.

ನಮ್ಮದು ಒಲೆ ಹೊತ್ತುಕೊಂಡು ತಿರುಗುವ ಸಂಸಾರ. ಅಜ್ಜ ಇದ್ದದ್ದು ಬೆಳ್ತಂಗಡಿಯ ಆಚೆ, ಚಾರ್ಮಾಡಿ ಘಾಟಿ ಹತ್ತುವಲ್ಲಿ. ಎತ್ತಿನ ಗಾಡಿಗಳು ಸಾಲುಗಟ್ಟಿ ಬಂದು ನಿಲ್ಲುವ ಜಾಗ ಅದು. ಗಾಡಿಯವರಿಗೆ ಗಂಜಿ, ಚಟ್ನಿ, ಎತ್ತುಗಳಿಗೆ ಹುರುಳಿ. ಲಾರಿ ಬಂತು, ಗಾಡಿ ಹೋಯಿತು. ಲಾರಿಯವನು ಯಾಕೆ ಘಾಟಿಯ ಬುಡದಲ್ಲಿ ನಿಲ್ಲುತ್ತಾನೆ? ಅಪ್ಪ ಒಲೆ ಎತ್ತಿಕೊಂಡು ಬಂಟ್ವಾಳಕ್ಕೆ ಬಂದರು, ಹೊಳೆಬದಿಗೆ. ನಾನು ಹುಟ್ಟಿದ್ದು ಅಲ್ಲಿ. ನೆಂದ ಗೋಣಿಚೀಲ, ಉಪ್ಪು, ಒಣಮೀನು ಎಲ್ಲ ಸೇರಿದ ಒಂದು ವಾಸನೆ ಇತ್ತು. ಅದು ಮೂಗಿಗೆ ಬಡಿಯದಿದ್ದರೆ ನನಗೆ ಬೆಳಗಾದ ಹಾಗೆ ಆಗುತ್ತಿರಲಿಲ್ಲ. ದೋಣಿಯವರು ಚಹಾಕ್ಕೆ ಬೆಲ್ಲ ಕಚ್ಚಿಕೊಂಡು ಕುಡಿಯುವವರು. ಒಬ್ಬ ಮುದುಕ ಮಾತ್ರ ಲೋಟಕ್ಕೆ ಅವಲಕ್ಕಿ ಸುರಿದು ಬೆರಳಲ್ಲಿ ಬಾಚಿ ತಿನ್ನುತ್ತಿದ್ದ. ಆ ಲೋಟ ತೊಳೆಯುವಾಗಲೆಲ್ಲ ಅವನಿಗೆ ಶಾಪ ಹಾಕುತ್ತಿದ್ದೆ. ದೋಣಿಗಳು ಕಡಿಮೆಯಾದ ಮೇಲೆ ಅವನೂ ಬರಲಿಲ್ಲ. ಆಗ ಯಾಕೋ ಲೋಟ ತೊಳೆಯಲು ಬೇಜಾರಾಯಿತು.

ಅಪ್ಪ ತೀರಿಕೊಂಡ ಮೇಲೆ ನಾನು ಒಲೆ ಎತ್ತಿಕೊಂಡು ಮೂಡುಬಿದಿರೆಗೆ ಬಂದೆ. ಹೈಸ್ಕೂಲಿನ ಗೇಟಿನೆದುರು ಮುಳಿಹುಲ್ಲು ಹೊದಿಸಿದ ಮಾಡು, ಎರಡು ಬೆಂಚು. ಒಲೆ ಇಳಿಸುವಾಗಲೇ ಅಮ್ಮ ಹೇಳಿದರು, “ಸಂಜೀವ, ಇನ್ನೊಮ್ಮೆ ಒಲೆ ಎತ್ತುವುದಿದ್ದರೆ ಮೊದಲು ನನ್ನನ್ನು ಎತ್ತಿ ಕಳಿಸು. ನನ್ನಿಂದ ಆಗುವುದಿಲ್ಲ ಇನ್ನು.”

ಶಂಭು ಮಾಸ್ಟ್ರು ಆ ಶಾಲೆಯ ಹೆಡ್‌ಮಾಸ್ಟ್ರು. ಮೊದಲ ದಿನವೇ ಚಹಾಕ್ಕೆ ಬಂದರು, ಬಂದವರು ಏಳಲಿಲ್ಲ. ಅವರ ಹತ್ತಿರ ಇಂಗ್ಲಿಷಿನ ಒಂದು ದಪ್ಪ ಪುಸ್ತಕ ಇತ್ತು. ಇಂಗ್ಲೆಂಡಿನ ಆಕ್ಸ್‌ಫರ್ಡ್ ಎಂಬ ಊರಿನ ಚರಿತ್ರೆ. ಆ ಊರನ್ನು ಅವರು ಕಂಡವರಲ್ಲ. ಪರೀಕ್ಷೆ ಬರೆಯಲು ಮದ್ರಾಸಿಗೆ ಹೋದದ್ದೇ ಅವರು ಹೋದ ದೂರ. ಆದರೆ ಆಕ್ಸ್‌ಫರ್ಡಿನ ಓಣಿಗಳಲ್ಲಿ ಕಣ್ಣು ಮುಚ್ಚಿ ನಡೆಯುತ್ತಿದ್ದರು. ನಮ್ಮ ಪೇಟೆಯಲ್ಲಿ ಕಣ್ಣು ಬಿಟ್ಟುಕೊಂಡೇ ಎಡವುತ್ತಿದ್ದರು.

“ಸಂಜೀವ, ಮೊದಲು ಅಲ್ಲಿ ಎಂತ ಇತ್ತು ಗೊತ್ತುಂಟಾ?”

“ನೀವು ಹೇಳದೆ ನನಗೆ ಹೇಗೆ ಗೊತ್ತಾಗುವುದು ಮಾಸ್ಟ್ರೇ? ಚಹಾ ತಣೀತದೆ, ಕುಡೀರಿ.”

“ಒಂದು ಹೊಳೆ. ಎತ್ತುಗಳು ದಾಟುವಷ್ಟು ನೀರು. ಅಷ್ಟೇ.”

“ಹಾಗಾದ್ರೆ ಗಾಡಿಯವರು ಇದ್ರು. ಗಂಜಿ ಅಂಗಡಿ ಇರ್ಲಿಲ್ವಾ?”

“ಪುಸ್ತಕದಲ್ಲಿ ಇಲ್ಲ.”

“ಪುಸ್ತಕದಲ್ಲಿ ಇಲ್ಲದಿದ್ರೆ ಅವರೆಲ್ಲ ಉಪವಾಸ ದಾಟಿದ್ರಾ?”

ಮಾಸ್ಟ್ರು ಲೋಟ ಚಾಚಿ ಇನ್ನೊಂದು ಚಹಾ ಕೇಳಿದರು. ಒಂದು ಲೋಟ ಚಹಾಕ್ಕೆ ಒಂದು ಶತಮಾನ ಅವರ ಲೆಕ್ಕ. ಊರಿಗೆ ಕೋಟೆ ಬಂತು. ಓದುವವರು ಬಂದರು. ಅವರಿಗೆ ಶಾಲೆಯ ಕಟ್ಟಡವೇ ಇರಲಿಲ್ಲವಂತೆ, ಅಂಗಡಿಯವರ ಮಾಳಿಗೆಯಲ್ಲಿ ಬಾಡಿಗೆಗೆ ಮಲಗುತ್ತಿದ್ದರು. ಒಂದು ದಿನ ಕೆಲವು ವಿದ್ಯಾರ್ಥಿಗಳು ಹೆಂಡದಂಗಡಿಗೆ ಹೋಗಿ, ಹೆಂಡ ಹುಳಿಯಾಗಿದೆ ಎಂದು ಅಂಗಡಿಯವನ ಮುಖಕ್ಕೇ ಎರಚಿದರು. ಊರಿನವರು ಗಂಟೆ ಬಾರಿಸಿ ಜನ ಸೇರಿಸಿದರು. ಬಿಲ್ಲು ಬಾಣ ಹಿಡಿದು ಹೊಡೆದಾಡಿದರು. ಎಷ್ಟೋ ಜನ ಸತ್ತರು, ಓದುವವರೇ ಹೆಚ್ಚು. ರಾಜ ಓದುವವರ ಪಕ್ಷ ಹಿಡಿದ. ಊರಿನ ದೊಡ್ಡವರು ವರ್ಷಕ್ಕೊಮ್ಮೆ ಇಗರ್ಜಿಗೆ ಹೋಗಿ ತಲೆಬಾಗಿ ತಪ್ಪುಕಾಣಿಕೆ ಒಪ್ಪಿಸಬೇಕು ಎಂದಾಯಿತು. ಸತ್ತವರ ಮೊಮ್ಮಕ್ಕಳ ಮೊಮ್ಮಕ್ಕಳು ಹುಟ್ಟಿ ಸತ್ತರೂ ಆ ಕಾಣಿಕೆ ನಿಲ್ಲಲಿಲ್ಲವಂತೆ.

“ಹೆಂಡ ನಿಜವಾಗಿಯೂ ಹುಳಿಯಾಗಿತ್ತಾ?” ಎಂದು ಕೇಳಿದೆ.

“ಅದು ಮುಖ್ಯ ಅಲ್ಲ ಮಾರಾಯ!”

ನನಗೆ ಅದೇ ಮುಖ್ಯ. ಯಾರೂ ಕುಡಿದು ನೋಡದೆ ಹತ್ತಿರ ಹತ್ತಿರ ಐನೂರು ವರ್ಷ ತಲೆ ಬಗ್ಗಿಸಿದರಾ?

ಆಮೇಲೆ ರಾಜನಿಗೂ ಪ್ರಜೆಗಳಿಗೂ ಯುದ್ಧವಾಗಿ ರಾಜ ರಾಜಧಾನಿ ಬಿಟ್ಟು ಓಡಿ ಬಂದು ಈ ಊರಿನಲ್ಲೇ ಕೂತ. ಆ ಯುದ್ಧ ಮುಗಿದ ಮೇಲೆ ಕಾಫಿ ಅಂಗಡಿ ಬಂತು. ಇದನ್ನು ಹೇಳುವಾಗ ಮಾಸ್ಟ್ರು ಮೈಮರೆತಿದ್ದರು. ವಿದ್ವಾಂಸರೂ ಹುಡುಗರೂ ಪುಸ್ತಕ ಬಿಟ್ಟು ಕಾಫಿ ಅಂಗಡಿಯಲ್ಲೇ ಕೂತು ಹರಟುತ್ತಾರೆಂದು ಹಿರಿಯರು ಗೋಳಾಡಿದರಂತೆ. ಆದರೂ ಅಂಗಡಿ ಉಳಿಯಿತು. ನಾನು ಅದನ್ನು ಗಟ್ಟಿಯಾಗಿ ನೆನಪಿಟ್ಟುಕೊಂಡೆ. ರೈಲು ಬರುವಾಗಲೂ ಬೇಡವೆಂದರಂತೆ, ಹುಡುಗರು ರಾಜಧಾನಿಗೆ ಓಡಿಹೋಗುತ್ತಾರೆಂದು. ರೈಲೂ ಬಂತು. ಕೊನೆಗೆ ಮೋಟಾರಿನ ಕಾರ್ಖಾನೆಯೂ ಬಂತು. ಅಷ್ಟು ಹೊತ್ತಿಗೆ ನನ್ನ ಚಹಾಪುಡಿ ಮುಗಿದಿತ್ತು.

ಇಷ್ಟೆಲ್ಲ ಹೇಳುತ್ತಾ ನನ್ನ ಚಹಾ ಕುಡಿಯುತ್ತಿದ್ದ ಮನುಷ್ಯ ಒಳಗೊಳಗೇ ಮಾಡಿದ ಕೆಲಸವೇನು ಗೊತ್ತೇ? ನನ್ನ ಅಂಗಡಿಯನ್ನು ಗೇಟಿನೆದುರಿನಿಂದ ಎಬ್ಬಿಸಬೇಕೆಂದು ಶಾಲೆಯ ಕಮಿಟಿಗೆ ಹೇಳಿದ್ದರು. ಗಂಟೆ ಹೊಡೆದರೂ ಹುಡುಗರು ಬೆಂಚು ಬಿಟ್ಟು ಏಳುವುದಿಲ್ಲ, ಮೊದಲನೇ ಪೀರಿಯಡ್ ಖಾಲಿ ಎಂದು ಅವರ ದೂರು. ದೂರು ಸುಳ್ಳಲ್ಲ. ಹುಡುಗರು ಏಳುತ್ತಿರಲಿಲ್ಲ. ಅವರನ್ನು ಏಳಿಸುವುದು ನನ್ನ ಕೆಲಸವೇ? ಚಹಾ ಕೊಡುವವನೂ ನಾನೇ, ಕಿವಿ ಹಿಂಡುವವನೂ ನಾನೇ ಆಗಬೇಕೇ?

ಗೇಟಿನೆದುರಿನ ಜಾಗ ನಾಗಕುಮಾರ ಶೆಟ್ರದ್ದು. ಅವರು ಮೂಡುಬಿದಿರೆಯ ಹಳೆಯ ಜೈನ ಮನೆತನದವರು, ಕಮಿಟಿಯ ಅಧ್ಯಕ್ಷರೂ ಹೌದು. ಶಾಲೆಯ ವಾರ್ಷಿಕೋತ್ಸವ ಮುಗಿಯಲಿ, ಆಮೇಲೆ ತೀರ್ಮಾನ ಎಂದಿದ್ದರು. ಆ ವಾರ್ಷಿಕೋತ್ಸವದ ತಾಳಮದ್ದಳೆಗೇ ಮಾಸ್ಟ್ರು ಹೊಸ ಪ್ರಸಂಗ ಬರೆದರು. ಎತ್ತು ದಾಟುವ ಹೊಳೆಯ ಊರು ಎಂಬ ಅರ್ಥದಲ್ಲಿ ಆಕ್ಸ್‌ಫರ್ಡಿಗೆ ಗೋತೀರ್ಥಪುರ ಎಂದು ಹೆಸರಿಟ್ಟರು. ಕುಲಪತಿಗೂ ಹೆಂಡದಂಗಡಿಯವನಿಗೂ ವಾದ. ಕೊನೆಗೆ ಅಂಗಡಿಯವನು ಶರಣಾಗಿ ಅಂಗಡಿ ಮುಚ್ಚುವುದು. ಅಲ್ಲಿಗೆ ಮಂಗಳದ ಹಾಡು.

ಇದರ ಒಳಗುಟ್ಟು ನನಗೆ ಹೊಳೆದಿರಲಿಲ್ಲ. ಭಾಗವತ ನಾರ್ಣಪ್ಪಯ್ಯ ಗೋಳಿಬಜೆ ತಿನ್ನುತ್ತಾ ಹೇಳಿದರು, “ನಿನಗೆ ತಲೆ ಉಂಟಾ ಸಂಜೀವ? ಇದು ಪ್ರಸಂಗ ಅಲ್ಲ, ನಿನ್ನ ಒಲೆಗೆ ನೀರು ಹೊಯ್ಯುವ ಏರ್ಪಾಡು. ಅಂಗಡಿಯವನು ತಲೆ ಬಗ್ಗಿಸುವುದನ್ನು ಶೆಟ್ರು ಎದುರಿನ ಸಾಲಿನಲ್ಲೇ ಕೂತು ನೋಡ್ತಾರೆ. ಮರುದಿನ ಕಮಿಟಿ.”

“ಅಂಗಡಿಯವನ ಅರ್ಥ ಯಾರು ಹೇಳುವುದು?”

“ಯಾರೂ ಸಿಕ್ಕಲಿಲ್ಲ. ಈ ಪಾನನಿರೋಧದ ಕಾಲದಲ್ಲಿ ಹೆಂಡದಂಗಡಿಯವನಾಗಿ ಕೂತ್ರೆ ಪೊಲೀಸರು ಕಣ್ಣಿಡ್ತಾರೆ ಅಂತ ಒಬ್ಬ ಹೇಳಿದ. ಇನ್ನೊಬ್ಬನಿಗೆ ಸೋಲುವುದು ಬೇಡವಂತೆ.”

“ನಾನು ಕೂತ್ಕೊಳ್ತೇನೆ.”

ನಾರ್ಣಪ್ಪಯ್ಯರ ಬಾಯಲ್ಲಿದ್ದ ಗೋಳಿಬಜೆ ಹಾಗೇ ನಿಂತಿತು. ಮಾಸ್ಟ್ರಿಗೆ ಹೇಳಿದಾಗ ಅವರಿಗೆ ಖುಷಿಯೋ ಖುಷಿ. ನಾಲ್ಕನೇ ಕ್ಲಾಸಿನವನನ್ನು ಸೋಲಿಸಲು ಎಷ್ಟು ಹೊತ್ತು ಬೇಕು ಎಂದುಕೊಂಡಿರಬೇಕು. ತಾವೇ ಕುಲಪತಿಯಾಗಿ ಕೂರುತ್ತೇನೆ ಎಂದರು.

ಅಷ್ಟರಲ್ಲಿ ಶೆಟ್ರು ಶಾಲೆಗೆ ಬಂದು ಎರಡು ಅಪ್ಪಣೆ ಮಾಡಿದರು. ನಾನು ಮಾಸ್ಟ್ರ ಕೋಣೆಗೆ ಚಹಾ ಒಯ್ದಿದ್ದೆ, ಎದುರೇ ಇದ್ದೆ.

“ಮಾಸ್ಟ್ರೇ, ಶಾಲೆಯೊಳಗೆ ಮದ್ಯದ ಹೆಸರು ಬೇಡ. ಹೆಂಗಸರು ಮಕ್ಕಳು ಬರ್ತಾರೆ.”

“ಆದ್ರೆ ಶೆಟ್ರೇ, ಇಡೀ ಜಗಳ ಆದದ್ದೇ ಅದಕ್ಕೆ.”

“ಪಾನಕ ಅಂತ ಮಾಡಿ.”

ಮಾಸ್ಟ್ರ ಮುಖ ನೋಡಬೇಕಿತ್ತು. ಎಷ್ಟೋ ವರ್ಷ ಓದಿದ ಪುಸ್ತಕ ಕೈಯಿಂದ ಜಾರಿ ಬಾವಿಗೆ ಬಿದ್ದ ಹಾಗೆ ಇತ್ತು.

“ಮತ್ತೆ, ಹೊತ್ತು ಮುಳುಗುವ ಮೊದಲು ಮಂಗಳ ಆಗ್ಬೇಕು. ನಮ್ಮವರಿಗೆ ಊಟ ಉಂಟು.”

ನಮ್ಮ ಕಡೆಯ ಜೈನರು ಸೂರ್ಯ ಮುಳುಗಿದ ಮೇಲೆ ಉಣ್ಣುವುದಿಲ್ಲ. ಮುಳುಗುವುದರೊಳಗೆ ಊಟ ಆಗದಿದ್ದರೆ ಮರುದಿನ ಬೆಳಗಿನವರೆಗೆ ಬರೀ ಹೊಟ್ಟೆ. ಬೇರೆ ಕಡೆ ತಾಳಮದ್ದಳೆ ರಾತ್ರಿಯಿಡೀ ನಡೆಯುತ್ತದೆ. ಇಲ್ಲಿ ಮಧ್ಯಾಹ್ನ ಊಟ ಮುಗಿಸಿ ಶುರುಮಾಡಿ ಸೂರ್ಯ ಇರುವಾಗಲೇ ಮುಗಿಸಬೇಕು. ಇನ್ನೊಂದು ಕ್ರಮವೂ ಉಂಟು. ಶುರುವಿಗೆ ದೀಪ ಹಚ್ಚಿದವರು ಮಂಗಳ ಆಗದೆ ಎದ್ದು ಹೋಗುವ ಹಾಗಿಲ್ಲ, ಪ್ರಸಂಗ ಅರ್ಧಕ್ಕೆ ಬಿಟ್ಟರೆ ಊರಿಗೆ ಒಳ್ಳೆಯದಲ್ಲ ಎಂದು ನಂಬಿಕೆ. ದೀಪ ಹಚ್ಚುವವರು ಶೆಟ್ರೇ.

ಆ ದಿನ ಶಾಲೆಯ ಸಭಾಂಗಣ ತುಂಬಿತ್ತು. ಎದುರಿನ ಸಾಲಿನಲ್ಲಿ ಶೆಟ್ರು, ಅವರ ಹಿಂದೆ ಅವರ ಕಡೆಯ ಹೆಂಗಸರು, ಆಮೇಲೆ ಉಳಿದವರು. ಅಮ್ಮ ಕಂಬಕ್ಕೆ ಒರಗಿ ನಿಂತಿದ್ದರು. ಬರಬೇಡಿ ಎಂದಿದ್ದೆ. ಯಾರು ಕೇಳುತ್ತಾರೆ ನನ್ನ ಮಾತು.

ಮಾಸ್ಟ್ರು ಶುರುಮಾಡಿದರು. ಶರಧಿ, ವಾರಿಧಿ, ಜ್ಞಾನಗಂಗೆ, ಏನೇನೋ. ಅರ್ಧ ಗಂಟೆ ಗಂಗೆಯೇ ಹರಿಯಿತು. ನಡುವೆ ನನಗೆ ಆಕಳಿಕೆ ಬಂದದ್ದು ಸಭೆಗೆಲ್ಲ ಕಂಡಿತಂತೆ. ಕೊನೆಗೆ ವಿಷಯಕ್ಕೆ ಬಂದರು. “ಎಲವೋ, ನನ್ನ ಶಿಷ್ಯರಿಗೆ ಹುಳಿತ ಪಾನಕವನ್ನಿತ್ತು ಈ ಮಹಾಕಲಹಕ್ಕೆ ಕಾರಣನಾದವನು ನೀನೇ ಅಲ್ಲವೇ?”

“ಪಾನಕ ಹುಳಿಯಾದ್ರೆ ಯಾರಾದ್ರೂ ಬಿಲ್ಲು ಬಾಣ ತೆಗೀತಾರಾ ಸ್ವಾಮಿ? ಲೋಟ ಕೆಳಗಿಟ್ಟು ಎದ್ದು ಹೋಗ್ತಾರೆ. ನಿಮ್ಮ ಶಿಷ್ಯರು ಕುಡಿದದ್ದು ಪಾನಕವೇ ಹೌದಾ, ಸರಿಯಾಗಿ ನೋಡಿ ಹೇಳಿ.”

ಮಾಸ್ಟ್ರು ಬಾಯಿ ತೆರೆದರು, ಶೆಟ್ರನ್ನು ನೋಡಿದರು, ಮುಚ್ಚಿದರು. ಶೆಟ್ರು ಶಾಲಿನ ಅಂಚಿನಲ್ಲಿ ಬಾಯಿ ಒರೆಸಿಕೊಂಡರು.

ಇಷ್ಟಕ್ಕೇ ನಾನು ಗೆದ್ದೆ ಎಂದು ತಿಳಿಯಬೇಡಿ. ಆಮೇಲೆ ಮಾಸ್ಟ್ರು ನನ್ನನ್ನು ಹಿಟ್ಟು ಮಾಡಿದರು. ನೀವು ಬರುವ ಮೊದಲೇ, ಎತ್ತು ಹೊಳೆ ದಾಟುವ ಕಾಲದಿಂದಲೇ ನಾವು ಇಲ್ಲಿದ್ದೇವೆ, ಗಾಡಿಯವರಿಗೆ ಅನ್ನ ಹಾಕಿದವರು ನಾವು ಎಂದೆ. ಅವರು ಮೆಲ್ಲನೆ ನಕ್ಕು, “ಎತ್ತು ದಾಟಿದ ಹೊಳೆಗಳು ಲೋಕದಲ್ಲಿ ಲೆಕ್ಕವಿಲ್ಲದಷ್ಟುಂಟು. ಅವುಗಳಲ್ಲಿ ಯಾವುದರ ಹೆಸರನ್ನು ಜನ ಬಲ್ಲರು? ವಿದ್ಯೆ ಬಂದ ಮೇಲಲ್ಲವೇ ನಿನ್ನ ಹೊಳೆಬದಿಗೆ ಹೆಸರು ಬಂದದ್ದು?” ಎಂದರು. ಸಭೆ ಚಪ್ಪಾಳೆ ತಟ್ಟಿತು. ಹೆಸರಿನಿಂದ ಹೊಟ್ಟೆ ತುಂಬುತ್ತದಾ ಎಂದೆ. ಅದು ಉತ್ತರವಲ್ಲ ಎಂದು ನನಗೇ ಗೊತ್ತಾಯಿತು.

ಕಾಫಿ ಅಂಗಡಿಯ ಮಾತು ತೆಗೆದೆ. “ಮುಂದೆ ಇದೇ ಊರಿಗೆ ಕಾಫಿ ಅಂಗಡಿ ಬರ್ತದೆ. ಹಿರಿಯರು ಎಷ್ಟು ಕೂಗಿದ್ರೂ ಅದನ್ನು ಏಳಿಸ್ಲಿಕ್ಕೆ ಆಗುವುದಿಲ್ಲ. ನೀವೇ ಹೇಳಿದ್ದು, ನನ್ನ ಬೆಂಚಿನಲ್ಲಿ ಕೂತು.”

“ಎಲವೋ! ಮುನ್ನೂರು ವರ್ಷ ಮುಂದೆ ಬರುವ ಅಂಗಡಿಯನ್ನು ಈಗಲೇ ಕಂಡ ನೀನು ಪಾನಕದವನೋ, ಜೋಯಿಸನೋ?”

ಈ ಸಲ ಸಭೆ ನನ್ನನ್ನು ನೋಡಿ ನಕ್ಕಿತು. ಅಮ್ಮನೂ ನಕ್ಕರು. ಯಾರಿಗೆ ಹೇಳುವುದು.

ಒಂದೊಂದಾಗಿ ನನ್ನ ಹತ್ತಿರ ಇದ್ದದ್ದೆಲ್ಲ ಮುಗಿಯಿತು. ಬಾಯಿಗೆ ಬಂದ ಅಡ್ಡಮಾತು ಮಾತ್ರ ಉಳಿಯಿತು, ಶುರುವಿನಲ್ಲಿ ಹೇಳಿದೆನಲ್ಲ, ಆ ಕಡಿವಾಣದ ಮಾತಿನಂಥದ್ದು. ಮಾಸ್ಟ್ರು ಬೆರಳು ಚಾಚಿದ್ದು, ನಾರ್ಣಪ್ಪಯ್ಯ ಕಿಟಕಿ ನೋಡಿದ್ದು ಆಗಲೇ.

“ನಿನ್ನ ಬತ್ತಳಿಕೆ ಬರಿದಾಯಿತು. ಸೋತೆನೆನ್ನು. ಅಂಗಡಿಯನ್ನು ಮುಚ್ಚು.”

“ಇಲ್ಲ.”

“ಇನ್ನೇನು ವಾದವುಂಟು ನಿನ್ನಲ್ಲಿ?”

“ವಾದ ಇಲ್ಲ.”

“ಮತ್ತೆ?”

“ಸೋಲುವುದಿಲ್ಲ. ಅಷ್ಟೆ.”

ಮಾಸ್ಟ್ರು ಪುನಃ ಜ್ಞಾನಗಂಗೆಗೆ ಇಳಿದು ಬಂದರು. ಪುನಃ ಕೇಳಿದರು. ನಾನು ಪುನಃ ಇಲ್ಲ ಎಂದೆ. ನಾರ್ಣಪ್ಪಯ್ಯ ಬಗ್ಗಿ ನನ್ನ ಕಿವಿಯಲ್ಲಿ, “ಮಾರಾಯ, ಕೊನೇ ಪದ್ಯ ‘ಶರಣು ಬಂದೆನು’ ಅಂತ ಶುರುವಾಗ್ತದೆ. ನೀನು ಬರದೆ ನಾನು ಯಾರನ್ನು ತರುವುದು?” ಎಂದರು. ನಾನು ಕದಲಲಿಲ್ಲ.

ಬಿಸಿಲು ಗೋಡೆಯ ಮೇಲಿನ ಗಡಿಯಾರದವರೆಗೆ ಏರಿ ಕೆಂಪಾಗಿತ್ತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬ ಮುದುಕಿ, “ಆ ಹುಡುಗನಿಗೆ ಯಾರಾದ್ರೂ ಹೇಳಿ, ಮನೆಯಲ್ಲಿ ಬಡಿಸಿ ಇಟ್ಟಿದ್ದಾರೆ,” ಎಂದು ದೊಡ್ಡದಾಗಿಯೇ ಹೇಳಿದಳು. ಹಿಂದಿನ ಸಾಲಿನವರು ಎದ್ದು ಹೋಗಬಹುದಿತ್ತು, ಶೆಟ್ರು ಕೂತಿರುವಾಗ ಹೇಗೆ ಏಳುವುದು? ದೀಪ ಹಚ್ಚಿದ ಶೆಟ್ರು ಹೇಗೆ ಏಳುವುದು?

ಸಿಟ್ಟಿನಲ್ಲಿ ಶೆಟ್ರು ಈಗಲೇ ಒಲೆ ಕಿತ್ತು ಎಸೆಯಿರಿ ಎಂದರೆ ಮುಗಿಯಿತು. ಕಂಬದ ಹತ್ತಿರ ಅಮ್ಮ ನಗುವುದನ್ನು ನಿಲ್ಲಿಸಿದ್ದರು.

ಶೆಟ್ರು ಕೂತಲ್ಲಿಂದಲೇ ಕೇಳಿದರು, “ಸಂಜೀವ, ನೀನು ಸೋಲ್ಲಿಕ್ಕೆ ಎಂತ ಬೇಕು ಮಾರಾಯ?”

“ಜಾಗ ಬೇಕು ಶೆಟ್ರೇ.”

“ಯಾವ ಜಾಗ? ಗೋತೀರ್ಥಪುರದ್ದಾ?”

“ಅಲ್ಲ. ಗೇಟಿನೆದುರಿನದ್ದು. ಅಜ್ಜ ಒಮ್ಮೆ ಒಲೆ ಎತ್ತಿದ್ರು, ಅಪ್ಪ ಎತ್ತಿದ್ರು, ನಾನು ಎತ್ತಿದೆ. ಇನ್ನು ಎತ್ತುವುದಿಲ್ಲ.” ಇದರಲ್ಲಿ ಅಜ್ಜನದ್ದು ಸುಳ್ಳು. ಅಜ್ಜ ಎತ್ತಿರಲಿಲ್ಲ, ಅಲ್ಲೇ ಸತ್ತಿದ್ದರು. ಆ ಗಡಿಬಿಡಿಯಲ್ಲಿ ಬಾಯಿಗೆ ಬಂತು.

ಮಾಸ್ಟ್ರು ಕುಲಪತಿಯ ಗತ್ತು ಬಿಟ್ಟು, “ಶೆಟ್ರೇ, ಇದು ಪ್ರಸಂಗದಲ್ಲಿ ಇಲ್ಲ,” ಎಂದರು.

“ಮಾಸ್ಟ್ರೇ, ನನ್ನ ಊಟವೂ ಪ್ರಸಂಗದಲ್ಲಿ ಇಲ್ಲ.” ಶೆಟ್ರು ನನ್ನ ಕಡೆ ತಿರುಗಿದರು. “ಅಂಗಡಿ ಅಲ್ಲೇ ಇರ್ಲಿ. ಆದ್ರೆ ಗಂಟೆ ಹೊಡೆದ ಮೇಲೆ ಬೆಂಚಿನಲ್ಲಿ ಒಬ್ಬ ಕೂತದ್ದು ಕಂಡ್ರೂ ನಾನೇ ಬಂದು ಒಲೆಗೆ ನೀರು ಹೊಯ್ತೇನೆ. ಒಪ್ಪಿಗೆಯಾ?”

“ಒಪ್ಪಿಗೆ.”

“ಹಾಗಾದ್ರೆ ಸೋಲು. ಬೇಗ ಸೋಲು.”

“ಸೋತೆ,” ಎಂದೆ.

ನಾರ್ಣಪ್ಪಯ್ಯ ಶರಣು ಬಂದದ್ದನ್ನೂ ಮಂಗಳವನ್ನೂ ಒಂದೇ ಉಸಿರಿನಲ್ಲಿ ಹಾಡಿದರು. ಅಷ್ಟು ಓಡುವ ಮಂಗಳವನ್ನು ನಾನು ಬೇರೆಲ್ಲೂ ಕೇಳಿಲ್ಲ. ಯಾರೋ ನನ್ನ ಹೆಗಲಿಗೆ ಈ ಹಾಳು ಶಾಲು ಹಾಕಿದರು. ಹತ್ತಿರದ ಮನೆಯವರು ಸೀರೆ ಎತ್ತಿಕೊಂಡು ಓಡಿದರು. ಶೆಟ್ರ ಮನೆ ದೂರ. ಮೆಟ್ಟಿಲಿಳಿದು ಪಡುವಣಕ್ಕೆ ನೋಡಿದರು. ಸೂರ್ಯ ಇರಲಿಲ್ಲ. ಚಪ್ಪಲಿ ಹಾಕಿಕೊಂಡು ನಡೆದರು. ಒಂದು ಮಾತು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಬೈಯಲಿಲ್ಲ, ಇವತ್ತಿನವರೆಗೂ ಬೈದಿಲ್ಲ.

ಅಮ್ಮ ಮನೆಯಲ್ಲಿ ನನಗೆ ಬಡಿಸುತ್ತಾ, “ನಿನ್ನಿಂದಾಗಿ ಆ ದೊಡ್ಡ ಮನುಷ್ಯ ಉಪವಾಸ,” ಎಂದರು. ತಾವೂ ಉಣ್ಣಲಿಲ್ಲ. ಅಂಗಡಿ ಉಳಿಸಿದ್ದಕ್ಕೆ ಒಂದು ಒಳ್ಳೆಯ ಮಾತಿಲ್ಲ.

ಹುಡುಗರ ತೊಂದರೆ ಈಗ ಇಲ್ಲ. ಗಂಟೆ ಹೊಡೆಯುವ ಮೊದಲೇ ಸೌಟು ಹಿಡಿದು ಓಡಿಸುತ್ತೇನೆ. ಹೆದರುತ್ತಾರೆ. ಹೆದರದವರು ಶಂಭು ಮಾಸ್ಟ್ರು ಒಬ್ಬರೇ. ಮರುದಿನವೇ ಏನೂ ಆಗದವರ ಹಾಗೆ ಬಂದು ಕೂತರು. ಆಕ್ಸ್‌ಫರ್ಡ್ ಮುಗಿಯಿತಲ್ಲ, ಈಗ ಪುನಃ ಎತ್ತು ಹೊಳೆ ದಾಟುವಲ್ಲಿಂದ ಶುರು. ಗಂಟೆ ಹೊಡೆಯುತ್ತದೆ, ಅವರು ಏಳುವುದಿಲ್ಲ. ಶೆಟ್ರು ಆ ದಾರಿಯಲ್ಲಿ ಬಂದರೆ ನನ್ನ ಒಲೆ ಆರುತ್ತದೆ. ಹೆಡ್‌ಮಾಸ್ಟ್ರಿಗೆ ಸೌಟು ತೋರಿಸಲಿಕ್ಕಾಗುತ್ತದಾ? ದಿನಾ ಬೆಳಿಗ್ಗೆ ಅವರ ಲೋಟವನ್ನು ನಾನೇ ಕೈಯಲ್ಲಿ ಹಿಡಿದುಕೊಂಡು, ಅವರನ್ನು ರಸ್ತೆ ದಾಟಿಸಿ, ಗೇಟಿನೊಳಗೆ ಬಿಟ್ಟು ಬರುತ್ತೇನೆ. ಅಷ್ಟೂ ದೂರ ಅವರು ಮಾತಾಡುತ್ತಲೇ ಇರುತ್ತಾರೆ.

ಇಷ್ಟೇ. ನನ್ನ ಹತ್ತಿರ ಇನ್ನು ಹೇಳುವಂಥದ್ದು ಏನೂ ಇಲ್ಲ.